ಚೀನಾದ ಕಚೇರಿಯಲ್ಲಿ ಶಿಶೀ: ಮುಖ, ದಾಕ್ಷಿಣ್ಯ ಮತ್ತು ಕೆಂಪು ಮೊಹರು

ಚೀನೀ ಭಾಷೆಯಲ್ಲಿ ಇಂಟರ್ನ್‌ಶಿಪ್‌ಗೆ 'ಶಿಶೀ' ಎನ್ನುತ್ತಾರೆ. ಮೊದಲ ಅಕ್ಷರಕ್ಕೆ 'ನಿಜವಾದುದು' ಎಂದೂ ಎರಡನೆಯದಕ್ಕೆ 'ಅಭ್ಯಾಸ' ಎಂದೂ ಅರ್ಥ. ಹಾಗೆ ಅಭ್ಯಾಸಕ್ಕೆಂದು ಬಂದವನು 'ಶಿಶೀಶಂಗ್'. 2018ರಲ್ಲಿ ತನ್ನ ವಿದ್ಯಾಸಂಸ್ಥೆಗಳಲ್ಲಿ 4,92,185 ವಿದೇಶೀ ವಿದ್ಯಾರ್ಥಿಗಳಿದ್ದರೆಂದು ಚೀನಾದ ಶಿಕ್ಷಣ ಸಚಿವಾಲಯ ಪ್ರಕಟಿಸಿತ್ತು. ಅವರಲ್ಲಿ ಭಾರತೀಯರು 23 ಸಾವಿರಕ್ಕೂ ಹೆಚ್ಚು. ಬಹುಪಾಲು ವೈದ್ಯಕೀಯ ಓದಲು ಹೋದವರು. ನಾನು ಆ ಬಹುಪಾಲಿಗೆ ಸೇರಿದವನಲ್ಲ. ಸಿಂಗಪುರದಲ್ಲಿ ಇಂಜಿನಿಯರಿಂಗ್ ಸ್ನಾತಕೋತ್ತರ ವ್ಯಾಸಂಗದ ಭಾಗವಾಗಿ ಶಾಂಘೈನ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷವಿದ್ದು, ಅದರಲ್ಲಿ ಐದು ತಿಂಗಳನ್ನು ಸುಝೌ ನಗರದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಕಳೆದೆ. ಶಾಂಘೈಯಿಂದ ಸುಝೌಗೆ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ತರಗತಿಯ ಚೀನಾಕ್ಕೂ ಕಾರ್ಖಾನೆಯ ಚೀನಾಕ್ಕೂ ಇರುವ ದೂರ ಅದಕ್ಕಿಂತ ಬಹಳ ಹೆಚ್ಚು. ಅತ್ತ ಹೊರಟಿರುವ ಅಥವಾ ಮಕ್ಕಳನ್ನು ಕಳುಹಿಸಲು ಯೋಚಿಸುತ್ತಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಈ ಬರಹ.

ಸಂಸ್ಕೃತಿಯ ಮಾತಿಗೆ ಮೊದಲು ಕಾನೂನಿನ ಮಾತು. ಆರು ತಿಂಗಳಿಗಿಂತ ದೀರ್ಘವಾದ ವ್ಯಾಸಂಗಕ್ಕೆ ಚೀನಾ ಕೊಡುವುದು ಎಕ್ಸ್-1 ವೀಸಾ. ಅದರಲ್ಲಿ ಒಳಬಂದವರು ಮೂವತ್ತು ದಿನಗಳೊಳಗೆ ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು; ಹೋಟೆಲಿನ ಹೊರಗೆ ವಾಸವಾದರೆ ಇಪ್ಪತ್ನಾಲ್ಕು ಗಂಟೆಗಳಲ್ಲಿ ಸ್ಥಳೀಯ ಪೊಲೀಸರಲ್ಲಿ ವಿಳಾಸವನ್ನು ನೋಂದಾಯಿಸಬೇಕು. 2013ರ ಜುಲೈ 1ರಿಂದ ಜಾರಿಯಲ್ಲಿರುವ ಪ್ರವೇಶ-ನಿರ್ಗಮನ ಕಾನೂನಿನಡಿಯ ನಿಯಮಗಳ ಪ್ರಕಾರ, ವಿದ್ಯಾರ್ಥಿಯು ವಿದ್ಯಾಸಂಸ್ಥೆಯ ಹೊರಗೆ ಶಿಶೀ ಮಾಡಬೇಕಾದರೆ ಸಂಸ್ಥೆಯ ಒಪ್ಪಿಗೆ ಪಡೆದು, ಅದನ್ನು ನಿವಾಸ ಪರವಾನಗಿಯಲ್ಲಿ ನಮೂದು ಮಾಡಿಸಿಕೊಳ್ಳಬೇಕು. ಈ ಒಂದು ಸಾಲಿನ ನಮೂದು ಇಲ್ಲದೆ ಕೆಲಸ ಮಾಡಿದರೆ ಐದು ಸಾವಿರದಿಂದ ಇಪ್ಪತ್ತು ಸಾವಿರ ಯುವಾನ್‌ವರೆಗೆ ದಂಡ. ತೀವ್ರ ಪ್ರಕರಣಗಳಲ್ಲಿ ಐದರಿಂದ ಹದಿನೈದು ದಿನಗಳ ಬಂಧನವೂ ಉಂಟು. "ಪರವಾಗಿಲ್ಲ, ನಾಳೆಯಿಂದಲೇ ಬನ್ನಿ, ಕಾಗದಪತ್ರ ಆಮೇಲೆ ನೋಡಿಕೊಳ್ಳೋಣ" ಎನ್ನುವ ಸಂಸ್ಥೆಗಳು ಧಾರಾಳವಾಗಿವೆ. ಹಾಗೆ ಹೇಳಿದವರಿಗೆ ನಗುನಗುತ್ತಲೇ "ಕಾಗದಪತ್ರ ಬಂದ ಮೇಲೆ ಬರುತ್ತೇನೆ" ಎಂದು ಉತ್ತರಿಸುವುದು ಕ್ಷೇಮ. ನಮೂದು ಬರಲು ನನಗೆ ಮೂರು ವಾರ ಹಿಡಿಯಿತು, ಕಾರ್ಖಾನೆ ಕಾಯಿತು.

ಕಚೇರಿಯೊಳಗೆ ಮೊದಲು ಕಲಿಯಬೇಕಾದದ್ದು ಜನರನ್ನು ಕರೆಯುವ ಬಗೆ. ಚೀನಾದಲ್ಲಿ ಮನೆತನದ ಹೆಸರು ಮೊದಲು, ಅದರ ಹಿಂದೆ ಹುದ್ದೆ: ವಾಂಗ್ ಎಂಬ ಮುಖ್ಯಾಧಿಕಾರಿ 'ವಾಂಗ್ ಝೊಂಗ್', ಲೀ ಎಂಬ ವ್ಯವಸ್ಥಾಪಕ 'ಲೀ ಚಿಂಗ್‌ಲೀ'. ಅನುಭವಿ ಕುಶಲಕರ್ಮಿಯನ್ನು 'ಶೀಫು' ಎನ್ನುತ್ತಾರೆ. ನಮ್ಮ ವರ್ಕ್‌ಶಾಪುಗಳ 'ಮೇಸ್ತ್ರಿ' ಎಂಬ ಮಾತಿನಲ್ಲಿರುವ ಗೌರವವೇ ಅದರಲ್ಲಿದೆ. ಹುದ್ದೆ ತಿಳಿಯದಿದ್ದರೆ 'ಲಾವ್‌ಶೀ', ಅಂದರೆ ಗುರುಗಳೇ, ಎಂದರೆ ಯಾರಿಗೂ ಬೇಸರವಾಗದು. ಬರಿಯ ಹೆಸರು ಹಿಡಿದು ಕರೆಯುವ ಸಿಂಗಪುರದ ರೂಢಿಯನ್ನು ಅಲ್ಲಿಗೆ ಒಯ್ಯಬಾರದು. ಇಂಟರ್‌ನೆಟ್ ಕಂಪನಿಗಳ ಲೋಕ ಮಾತ್ರ ಬೇರೆ. ಅಲಿಬಾಬಾದಲ್ಲಿ ನೌಕರರಿಗೆ 'ಹ್ವಾಮಿಂಗ್' ಎಂಬ ಅಡ್ಡಹೆಸರಿಡುವ ಪದ್ಧತಿ ಬೆಳೆಯಿತು. ಸ್ಥಾಪಕ ಜಾಕ್ ಮಾ ತನಗಿಟ್ಟುಕೊಂಡದ್ದು ಕತ್ತಿವರಸೆಯ ಕಾದಂಬರಿಯೊಂದರ ಪಾತ್ರವಾದ ಫೆಂಗ್ ಛಿಂಗ್‌ಯಾಂಗ್ ಎಂಬ ಹೆಸರು. ಹುದ್ದೆಯ ಭಾರವನ್ನು ಇಳಿಸುವುದು ಇದರ ಉದ್ದೇಶ. ಹೆಸರು ಬದಲಾದ ಮಾತ್ರಕ್ಕೆ ಆ ಭಾರ ಇಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಚೀನೀ ಸಮಾಜದ ಬಗ್ಗೆ ಬರೆಯುವವರೆಲ್ಲ 'ಮಿಯೆನ್‌ಜ್', ಅಂದರೆ ಮುಖ, ಎಂಬ ಪರಿಕಲ್ಪನೆಯನ್ನು ಪ್ರಸ್ತಾಪಿಸುತ್ತಾರೆ. 1944ರಲ್ಲಿ ಮಾನವಶಾಸ್ತ್ರಜ್ಞೆ ಹೂ ಶ್ಯೆನ್‌ಚಿನ್ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ ಎರಡು ಬಗೆಯ ಮುಖಗಳನ್ನು ಬೇರ್ಪಡಿಸಿದರು. 'ಮಿಯೆನ್‌ಜ್' ಎಂಬುದು ಸಾಧನೆ, ಸ್ಥಾನಮಾನಗಳಿಂದ ದೊರೆಯುವ ಪ್ರತಿಷ್ಠೆ. 'ಲ್ಯೆನ್' ಎಂಬುದು ನಡತೆಯಿಂದ ದೊರೆಯುವ ನೈತಿಕ ಮರ್ಯಾದೆ. ಮೊದಲನೆಯದು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಎರಡನೆಯದು ಹೋದರೆ ಮನುಷ್ಯ ಸಮಾಜದಲ್ಲಿ ತಲೆಯೆತ್ತಿ ನಡೆಯಲಾರ. ಇಂಗ್ಲಿಷಿನ ಮೂಲಕ ಇದನ್ನು ಓದುವಾಗ ದೂರದ ವಿಷಯವೆನಿಸುತ್ತದೆ. ಆದರೆ ಕನ್ನಡಿಗನಿಗೆ ಇದರಲ್ಲಿ ಹೊಸತೇನಿದೆ? 'ಮುಖಭಂಗ' ಎಂಬ ಮಾತು ನಮ್ಮಲ್ಲೇ ಇದೆ. ನಾಲ್ಕು ಜನರೆದುರು ಹಿರಿಯರ ಮಾತನ್ನು ತಿದ್ದಿದರೆ ಏನಾಗುತ್ತದೆಂಬುದು ನಮಗೆ ಮನೆಯಲ್ಲೇ ಕಲಿತ ಪಾಠ. ವಿದೇಶಗಳ ಕಚೇರಿಗಳಲ್ಲಿ ಹತ್ತು ವರ್ಷ ದುಡಿದು 'ನೇರವಾಗಿ ಮಾತಾಡುವುದೇ ಪ್ರಾಮಾಣಿಕತೆ' ಎಂದು ನಂಬಿದವರು ಈ ಪಾಠವನ್ನು ಮರೆತಿರುತ್ತಾರೆ, ಅಷ್ಟೆ.

ಸುಝೌನ ಕಾರ್ಖಾನೆಯಲ್ಲಿ ಕಂಡ ಎರಡು ಪ್ರಸಂಗಗಳನ್ನು ಇಲ್ಲಿ ಹೇಳಬೇಕು. ಸೋಮವಾರದ ಸಭೆಯಲ್ಲಿ ವಿಭಾಗದ ಮುಖ್ಯಸ್ಥರು ಒಂದು ಹೊಸ ನಕ್ಷೆಯನ್ನು ತೋರಿಸಿದರು. ಶಾಫ್ಟ್ ಕೂರಬೇಕಾದ ರಂಧ್ರಕ್ಕೆ ಕೊಟ್ಟಿದ್ದ ಟಾಲರೆನ್ಸ್ ತಪ್ಪಾಗಿತ್ತು. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ, ಅಲ್ಲಿ ಮೂರು ವರ್ಷಗಳಿಂದ ಇದ್ದ ಯುವತಿ, ಅದನ್ನು ಆಗಲೇ ಗಮನಿಸಿದ್ದರು. ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ನಕ್ಷೆ ಹಿಡಿದು ಮುಖ್ಯಸ್ಥರ ಮೇಜಿನ ಬಳಿ ಹೋಗಿ, "ಈ ಅಳತೆ ನನಗೆ ಸರಿಯಾಗಿ ಅರ್ಥವಾಗಲಿಲ್ಲ, ಸ್ವಲ್ಪ ಹೇಳಿಕೊಡುವಿರಾ?" ಎಂದು ಕೇಳಿದರು. ಮುಖ್ಯಸ್ಥರು ಒಂದು ನಿಮಿಷ ನೋಡಿ, "ಹಳೆಯ ಪ್ರತಿ ಸೇರಿಕೊಂಡಿದೆ" ಎಂದರು. ಮರುದಿನ ತಿದ್ದಿದ ನಕ್ಷೆ ಬಂತು. ಅದರ ಬಗ್ಗೆ ಯಾರೂ ಮತ್ತೆ ಮಾತಾಡಲಿಲ್ಲ. ತಪ್ಪನ್ನು ಪ್ರಶ್ನೆಯ ರೂಪದಲ್ಲಿ ಒಪ್ಪಿಸುವ ಈ ಕ್ರಮವನ್ನು ನಾನು ಮೆಚ್ಚಿಕೊಂಡೆ. ಸಿಂಗಪುರಕ್ಕೆ ಮರಳಿದ ಮೇಲೆ ಅನುಸರಿಸಿಯೂ ಇದ್ದೇನೆ.

ಎರಡು ತಿಂಗಳ ನಂತರ ಅಂಥದೇ ಮತ್ತೊಂದು ತಪ್ಪು ಕಾಣಿಸಿತು. ಆಗ ಮುಖ್ಯಸ್ಥರು ಪ್ರವಾಸದಲ್ಲಿದ್ದರು. ಫೋನಿನಲ್ಲಿ ಹೇಳಿದರೆ ದೂರಿದಂತಾಗುತ್ತದೆ, ಅವರಿಗಿಂತ ಮೇಲಿನವರಿಗೆ ಹೇಳಿದರೆ ಇನ್ನೂ ಕೆಟ್ಟದ್ದು ಎಂದು ಎಲ್ಲರೂ ಮೂರು ದಿನ ಕಾದರು. ಅಷ್ಟರಲ್ಲಿ ನಾನೂರು ಬಿಡಿಭಾಗಗಳು ತಯಾರಾಗಿ, ಒಂದೂ ಉಪಯೋಗಕ್ಕೆ ಬಾರದೆ ಗುಜರಿಗೆ ಹೋದವು. ಎಲ್ಲರ ಮುಖವೂ ಉಳಿಯಿತು, ಉಕ್ಕು ಉಳಿಯಲಿಲ್ಲ. ಅಲ್ಲಿ ಹಾಳಾದದ್ದು ಲೋಹ ಮಾತ್ರ. ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಇಂಥ ಮೌನಕ್ಕೆ ಒಗ್ಗಿಕೊಂಡರೆ ತೆರಬೇಕಾದ ಬೆಲೆ ಬೇರೆಯೇ. 'ಅಲ್ಲಿನ ಸಂಸ್ಕೃತಿಯನ್ನು ಗೌರವಿಸಿ' ಎಂಬ ಉಪದೇಶಕ್ಕೆ ಇದೊಂದು ಎಲ್ಲೆ ಎಂದು ನನ್ನ ಅಭಿಪ್ರಾಯ. ಅಪಾಯವಿರುವಲ್ಲಿ ಒಬ್ಬರಿಗೇ ಖಾಸಗಿಯಾಗಿ, ಆದರೆ ಆ ಕ್ಷಣವೇ ಹೇಳಬೇಕು.

ಮುಖ ಉಳಿಸುವ ಈ ಪದ್ಧತಿಯಿಂದಲೇ 'ಇಲ್ಲ' ಎಂಬ ಉತ್ತರವೂ ವೇಷ ಮರೆಸಿಕೊಂಡು ಬರುತ್ತದೆ. 'ಖಾವ್‌ಲ್ಯೂ ಈಶ್ಯ', ಸ್ವಲ್ಪ ಯೋಚಿಸುತ್ತೇವೆ. 'ಝೈ ಶ್ವೊ', ಆಮೇಲೆ ಮಾತಾಡೋಣ. 'ಬು ಫಾಂಗ್‌ಬ್ಯೆನ್', ಅನುಕೂಲವಾಗದು. ಮೂರಕ್ಕೂ ಸಾಮಾನ್ಯವಾಗಿ ಒಂದೇ ಅರ್ಥ. ಮದುವೆಯ ಕರೆಯೋಲೆ ಕೊಟ್ಟವರಿಗೆ ನಮ್ಮೂರಿನಲ್ಲಿ "ನೋಡೋಣ" ಎಂದು ಹೇಳಿ ಕಳುಹಿಸುವುದಿಲ್ಲವೇ? ಆ 'ನೋಡೋಣ'ವನ್ನು ಬಲ್ಲವರಿಗೆ 'ಝೈ ಶ್ವೊ' ಕಷ್ಟವಾಗದು. 'ಊಟವಾಯಿತೇ?' ಎಂಬುದೂ ಹಾಗೆಯೇ. ಚೀನಾದ ಹಿರಿಯ ತಲೆಮಾರಿನವರು 'ಛ್ರ್ ಲ ಮಾ' ಎಂದು ಕೇಳುವುದು ಅನ್ನ ಬಡಿಸಲೆಂದಲ್ಲ, ಕುಶಲ ವಿಚಾರಿಸಲು. ಐರೋಪ್ಯ ಸಹಪಾಠಿಗಳು ಇದಕ್ಕೆ ತಾವು ತಿಂದದ್ದನ್ನೆಲ್ಲ ವಿವರಿಸುತ್ತಿದ್ದರು.

'ಗ್ವಾನ್‌ಶಿ' ಎಂಬ ಪದವನ್ನು ವ್ಯಾಪಾರದ ಕೈಪಿಡಿಗಳು ಬರಿಯ 'ಸಂಪರ್ಕ', ಕೆಲವೊಮ್ಮೆ ವಶೀಲಿ ಎಂಬಂತೆ ವಿವರಿಸುತ್ತವೆ. ಅದು ಅರ್ಧಸತ್ಯ. 1940ರ ದಶಕದ ಕೊನೆಯಲ್ಲಿ ಸಮಾಜಶಾಸ್ತ್ರಜ್ಞ ಫೇ ಶಿಯಾವ್‌ತೊಂಗ್ ಚೀನೀ ಸಮಾಜವನ್ನು ನೀರಿಗೆ ಕಲ್ಲೆಸೆದಾಗ ಏಳುವ ಅಲೆಯ ಉಂಗುರಗಳಿಗೆ ಹೋಲಿಸಿದರು: ನಡುವೆ ತಾನು, ಸುತ್ತ ಕುಟುಂಬ, ಆಚೆಗೆ ಊರಿನವರು, ಸಹಪಾಠಿಗಳು. ಉಂಗುರ ದೂರ ಸರಿದಂತೆ ಬಾಧ್ಯತೆ ತೆಳುವಾಗುತ್ತದೆ. ಶಿಶೀಶಂಗ್ ಹೊರಗಿನ ಉಂಗುರದಲ್ಲಿ ನಿಂತವನು. ಒಳಗೆ ಬರುವ ದಾರಿ 'ರೆನ್‌ಛಿಂಗ್', ಅಂದರೆ ಒಬ್ಬರಿಗೊಬ್ಬರು ಆಗಿಬರುವ ಉಪಕಾರದ ಋಣ. ಇದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲವೆಂದು ಪೇಚಾಡುವವರಿದ್ದಾರೆ. ಕನ್ನಡದಲ್ಲಿ 'ದಾಕ್ಷಿಣ್ಯ' ಇದೆ. ಪೂರ್ತಿ ಸಮಾನಾರ್ಥಕವಲ್ಲ, ದಾಕ್ಷಿಣ್ಯದಲ್ಲಿ ಸಂಕೋಚದ ಪಾಲು ಹೆಚ್ಚು, ರೆನ್‌ಛಿಂಗ್‌ನಲ್ಲಿ ಲೆಕ್ಕದ ಪಾಲು ಹೆಚ್ಚು. ಒಬ್ಬರು ಊಟ ಕೊಡಿಸಿದರೆ ಅಲ್ಲಿಯೇ ಪಾಲು ಹಂಚಲು ಹೋಗಬಾರದು. ಮುಂದಿನ ಸಲ ನಾವು ಕೊಡಿಸಬೇಕು. ಲೆಕ್ಕ ಚುಕ್ತಾ ಆಗುವುದೆಂದರೆ ಸಂಬಂಧ ಮುಗಿಯುವುದು ಎಂದೇ ಅರ್ಥ.

ಊಟದ ಮಾತು ಬಂದದ್ದರಿಂದ ಸಸ್ಯಾಹಾರಿಗಳಿಗೆ ಒಂದೆರಡು ಸಾಲು. 'ಮಾಂಸ ಬೇಡ' ಎಂದರೆ ಸಾಲದು. ತರಕಾರಿಗೆ ಹಂದಿಯ ಕೊಬ್ಬನ್ನೋ ಕೋಳಿಯ ಸಾರನ್ನೋ ಸೇರಿಸಿರಬಹುದು. "ವೊ ಛ್ರ್ ಸು", ನಾನು ಸಸ್ಯಾಹಾರಿ, ಎಂದರೆ ಬೌದ್ಧ ಆಚರಣೆಯ ನೆನಪಿನಿಂದ ತಕ್ಷಣ ಅರ್ಥವಾಗುತ್ತದೆ. ಶಾಂಘೈಯಲ್ಲಿ 1922ರಲ್ಲಿ ಆರಂಭವಾದ ಗೊಂಗ್‌ದೆಲಿನ್ ಎಂಬ ಸಸ್ಯಾಹಾರಿ ಭೋಜನಾಲಯ ಹೆಸರುವಾಸಿ. ಕಂಪನಿಯ ಔತಣಗಳಲ್ಲಿ ಬೈಜ್ಯೂ ಎಂಬ ಗಡುಸಾದ ಮದ್ಯ ಸುತ್ತಿ ಬರುತ್ತದೆ. ಕುಡಿಯದವರು ಮೊದಲ ಸುತ್ತಿನಲ್ಲೇ ಹೇಳಿ, ಚಹಾದ ಬಟ್ಟಲನ್ನು ಎತ್ತಿ ಹಿಡಿದು ಸೇರಿಕೊಂಡರೆ ಸಾಕು. ಹಿರಿಯರ ಬಟ್ಟಲಿಗಿಂತ ನಮ್ಮ ಬಟ್ಟಲು ತುಸು ಕೆಳಗಿರಬೇಕು. ಒಳಗೇನಿದೆ ಎಂಬುದಕ್ಕಿಂತ ಇದು ಮುಖ್ಯ. ಮಧ್ಯಾಹ್ನದ ಊಟವಾದ ಮೇಲೆ ಕಚೇರಿಯ ದೀಪವಾರಿಸಿ, ಮಡಚುವ ಮಂಚ ಬಿಡಿಸಿ ಮಲಗುವುದು 'ವೂಶ್ಯೂ'. ಆ ಹೊತ್ತಿನಲ್ಲಿ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಬಾರದು.

ಈ ನಿದ್ದೆಯನ್ನು ಕಂಡು ಕೆಲಸ ಹಗುರವೆಂದು ಭಾವಿಸಬಾರದು. 1995ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು ತಿಂಗಳಿಗೆ 36 ಗಂಟೆಗಿಂತ ಹೆಚ್ಚಿನ ಓವರ್‌ಟೈಮನ್ನು ನಿಷೇಧಿಸುತ್ತದೆ. ಆದರೂ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ವಾರಕ್ಕೆ ಆರು ದಿನ ದುಡಿಯುವ '996' ಪದ್ಧತಿ ತಂತ್ರಜ್ಞಾನ ಕಂಪನಿಗಳಲ್ಲಿ ಹಬ್ಬಿತು. 2019ರಲ್ಲಿ ಪ್ರೋಗ್ರಾಮರುಗಳು ಗಿಟ್‌ಹಬ್‌ನಲ್ಲಿ '996.ಐಸಿಯು' ಎಂಬ ಹೆಸರಿನಲ್ಲಿ ಪ್ರತಿಭಟಿಸಿದರು: ಹೀಗೆ ದುಡಿದರೆ ತೀವ್ರನಿಗಾ ಘಟಕವೇ ಗತಿ ಎಂದು. 2021ರ ಆಗಸ್ಟ್‌ನಲ್ಲಿ ಸರ್ವೋಚ್ಚ ಜನತಾ ನ್ಯಾಯಾಲಯ ಈ ಪದ್ಧತಿ ಕಾನೂನುಬಾಹಿರವೆಂದು ಸ್ಪಷ್ಟಪಡಿಸಿತು. ವಿದ್ಯಾರ್ಥಿಯಾಗಿರುವ ಶಿಶೀಶಂಗ್‌ನನ್ನು ಸಾಮಾನ್ಯವಾಗಿ ಕಾರ್ಮಿಕ ಒಪ್ಪಂದದ ನೌಕರನೆಂದು ಪರಿಗಣಿಸುವುದಿಲ್ಲವಾದ್ದರಿಂದ ಈ ರಕ್ಷಣೆಗಳು ಅವನಿಗೆ ನೇರವಾಗಿ ದಕ್ಕುವುದಿಲ್ಲ. ಕೆಲಸದ ವೇಳೆ, ಭತ್ಯೆ, ಅಪಘಾತ ವಿಮೆ ಇವನ್ನೆಲ್ಲ ಶಿಶೀ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ರಜೆಯ ಲೆಕ್ಕವೂ ವಿಚಿತ್ರ. ರಾಷ್ಟ್ರೀಯ ದಿನದ ರಜೆಯನ್ನು ಏಳು ದಿನಗಳಿಗೆ ಹಿಗ್ಗಿಸಲು ಹಿಂದುಮುಂದಿನ ಶನಿವಾರ ಭಾನುವಾರಗಳನ್ನು ಕೆಲಸದ ದಿನಗಳಾಗಿ ಮಾಡುತ್ತಾರೆ. ಇದಕ್ಕೆ 'ಥ್ಯಾವ್‌ಶ್ಯೂ' ಎಂದು ಹೆಸರು; ಇದನ್ನು ಬೈಯದ ಚೀನೀಯನನ್ನು ನಾನು ಕಂಡಿಲ್ಲ. ವಿಚ್ಯಾಟ್ ಗುಂಪಂತೂ ರಜೆಯಲ್ಲೂ ಎಚ್ಚರವಿರುತ್ತದೆ. ಮುಖ್ಯಸ್ಥರು ಒಂದು ಸಾಲು ಬರೆದರೆ ಅದರ ಕೆಳಗೆ ಎಲ್ಲರೂ 'ಶೌದಾವ್', ತಲುಪಿತು, ಎಂದು ಸರತಿಯಲ್ಲಿ ಬರೆಯುತ್ತಾರೆ. ಡಿಂಗ್‌ಟಾಕ್‌ನಲ್ಲಿ ಯಾರು ಓದಿದರು, ಯಾರು ಓದಿಲ್ಲ ಎಂಬುದೂ ಕಳುಹಿಸಿದವರಿಗೆ ಕಾಣುತ್ತದೆ. ಮೌನವೂ ಅಲ್ಲಿ ಒಂದು ಉತ್ತರವಾಗಿಬಿಡುವುದರಿಂದ ಆ ಎರಡಕ್ಷರ ಬರೆದುಬಿಡುವುದೇ ಲೇಸು.

ಕೊನೆಯದಾಗಿ ಪ್ರಮಾಣಪತ್ರ. ಚೀನಾದಲ್ಲಿ ಕಾಗದಕ್ಕೆ ಬೆಲೆ ಬರುವುದು ಸಹಿಯಿಂದಲ್ಲ, 'ಗೊಂಗ್‌ಝಾಂಗ್' ಎಂಬ ದುಂಡನೆಯ ಕೆಂಪು ಮೊಹರಿನಿಂದ. ನಡುವೆ ನಕ್ಷತ್ರ, ಸುತ್ತ ಸಂಸ್ಥೆಯ ನೋಂದಾಯಿತ ಹೆಸರು ಇರುತ್ತದೆ. ಮೊಹರು ಬೀಗದೊಳಗಿರುತ್ತದೆ, ಅದನ್ನು ಒತ್ತಿಸಲು ಒಳಗಿನ ಅನುಮತಿ ಬೇಕು, ಅನುಮತಿ ಕೊಡುವವರು ಊರಲ್ಲಿರಬೇಕು. ಆದ್ದರಿಂದ ಹೊರಡುವುದಕ್ಕೆ ಎರಡು ವಾರ ಮೊದಲೇ 'ಶಿಶೀ ಝೆಂಗ್‌ಮಿಂಗ್' ಕೇಳಿಡಬೇಕು. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರಿದೆಯೇ, ದಿನಾಂಕಗಳು ಪರವಾನಗಿಯ ನಮೂದಿಗೆ ಹೊಂದುತ್ತವೆಯೇ ಎಂದು ಅಲ್ಲಿಯೇ ಪರಿಶೀಲಿಸಿ, ಮೊಹರು ಬಿದ್ದ ಮೂಲಪ್ರತಿ ಎರಡನ್ನು ಪಡೆಯಬೇಕು: ಒಂದು ವಿಶ್ವವಿದ್ಯಾಲಯಕ್ಕೆ, ಇನ್ನೊಂದು ತನಗೆ.