ಗೋಳಗುಮ್ಮಟದ ಕಲ್ಲು ಎಲ್ಲಿಂದ ಬಂತು?

ಬಿಜಾಪುರಕ್ಕೆ ಹೋದವರೆಲ್ಲ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿ ಏಳು ಸಲ ಕೇಳಿಸಿಕೊಂಡು ಬಂದಿರ್ತೀರಿ. ನಾನೂ ಕೂಗಿದ್ದೇನೆ :) ಆದರೆ ಆ ಗೋಡೆಯ ಕರಿಕಲ್ಲು ಹುಟ್ಟಿದ್ದು ಸಮಭಾಜಕ ವೃತ್ತದ ಆಚೆ, ದಕ್ಷಿಣದಲ್ಲಿ ಅಂತ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಅದು ದಖನ್ನಿನ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಆರಿದ್ದು. ಅದರೊಳಗೆ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜದ ಹರಳುಗಳಿವೆ. ಲಾವಾ 580 ಡಿಗ್ರಿಗಿಂತ ಕೆಳಗೆ ತಣಿಯುತ್ತಾ ಬಂದಂತೆ ಈ ಹರಳುಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದುಕೊಂಡುಬಿಡುತ್ತವೆ. ಭೂಕಾಂತದ ಮುಳ್ಳು ಸಮಭಾಜಕದಲ್ಲಿ ಮಲಗಿರುತ್ತೆ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತೆ. ಹಾಗಾಗಿ ಓರೆ ಎಷ್ಟು ಅಂತ ಅಳೆದರೆ ಅಕ್ಷಾಂಶ ಸಿಗುತ್ತೆ. ಓರೆಕೋನದ ಟ್ಯಾನ್ ತೆಗೆದು ಅರ್ಧ ಮಾಡಿದರೆ ಅಕ್ಷಾಂಶದ ಟ್ಯಾನ್, ಇಷ್ಟೇ ಲೆಕ್ಕ. ದಖನ್ನಿನಲ್ಲಿ ಈ ಓರೆ 48 ಡಿಗ್ರಿಯ ಆಸುಪಾಸು, ಅಂದರೆ ಅಕ್ಷಾಂಶ 29. ಉತ್ತರವೋ ದಕ್ಷಿಣವೋ? ಮುಳ್ಳಿನ ಉತ್ತರ ತುದಿ ಮೇಲಕ್ಕೆ ಎದ್ದಿದೆ, ಹಾಗಾಗಿ ದಕ್ಷಿಣ. (ಭೂಕಾಂತ ತಲೆಕೆಳಗಾಗಿದ್ದ ಕಾಲದ ಪದರಗಳಲ್ಲಿ ಎಲ್ಲ ಉಲ್ಟಾ. ಉತ್ತರ ಅದೇ.) ಅದೇ ಜಾಗ ಇವತ್ತು ಉತ್ತರಕ್ಕೆ 18 ಡಿಗ್ರಿಯಲ್ಲಿದೆ. ಐದು ಸಾವಿರ ಕಿಲೋಮೀಟರ್ ಪ್ರಯಾಣ!

ಅಂದ ಹಾಗೆ, ಗುಮ್ಮಟದ ಕಲ್ಲನ್ನೇ ಅಳೆದರೆ ಪ್ರಯೋಜನವಿಲ್ಲ. ಕಾಂತ ಅದರಲ್ಲಿ ಈಗಲೂ ಇದೆ, ಆದರೆ ಕಲ್ಲುಕುಟಿಗ ಅದನ್ನು ಹೇಗೆ ತಿರುಗಿಸಿಟ್ಟನೋ ಯಾರಿಗೆ ಗೊತ್ತು? ಬಂಡೆ ಇದ್ದಲ್ಲೇ ಗುರುತು ಹಾಕಿ ಕೊರೆದು ತರಬೇಕು.

ಈ ಕೆಲಸದ ಹಿಂದೆ ಒಬ್ಬ ಹುಡುಗನ ಕಥೆಯಿದೆ, ನನಗೆ ಇಷ್ಟವಾದದ್ದು ಅದೇ. 1950ರ ದಶಕದ ಆರಂಭ. ಖಂಡಗಳು ಸರಿಯುತ್ತವೆ ಅಂದ ವೆಗೆನರ್ 1930ರಲ್ಲೇ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಹೋಗಿದ್ದ, ಅವನ ಮಾತನ್ನು ನಂಬುವವರು ಕಡಿಮೆ. ಕೇಂಬ್ರಿಜ್‌ನಲ್ಲಿ ಎಡ್ವರ್ಡ್ ಅರ್ವಿಂಗ್ ಅನ್ನೋ ವಿದ್ಯಾರ್ಥಿ, ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರ ಪ್ರೋತ್ಸಾಹದಿಂದ, ಭಾರತದಿಂದ ಬಂದ ಕೆಲವೇ ದಖನ್ ಕಲ್ಲುಗಳನ್ನು ಅಳೆದ. ಭಾರತ ಉತ್ತರಕ್ಕೆ ಸರಿದಿದೆ ಅಂತ ಅವಕ್ಕೆ ಗೊತ್ತಿತ್ತು. 1954ರಲ್ಲಿ ಅವನ ಪಿಎಚ್‌ಡಿ ಪ್ರಬಂಧ ಫೇಲ್! ಪಾಪ, ಆಸ್ಟ್ರೇಲಿಯಾಕ್ಕೆ ಹೋಗಿ ಅದೇ ಕೆಲಸ ಮುಂದುವರಿಸಿದ. 1979ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ.

ಇತ್ತ ಮ್ಯಾಂಚೆಸ್ಟರ್‌ನಲ್ಲಿದ್ದಾಗ ಬ್ಲ್ಯಾಕೆಟ್ 15 ಕಿಲೋ ಚಿನ್ನದ ಸಿಲಿಂಡರ್ ಇಟ್ಟು ಬೇರೇನೋ ಸಿದ್ಧಾಂತ ಪರೀಕ್ಷಿಸಲು ಅತಿಸೂಕ್ಷ್ಮ ಕಾಂತಮಾಪಕ ಕಟ್ಟಿದ್ದರು. ಸಿದ್ಧಾಂತ ಸುಳ್ಳಾಯ್ತು, ಯಂತ್ರ ಉಳೀತು. ಅದನ್ನು ಕಲ್ಲಿಗೆ ತಿರುಗಿಸಿದರು. 1956ರಲ್ಲಿ ಲಂಡನ್ನಿನ ಕ್ಲೆಗ್ ಮತ್ತು ಸಂಗಡಿಗರು ದಖನ್ನಿನ ಫಲಿತಾಂಶ ಪ್ರಕಟಿಸಿದರು. ಭಾರತ ಸರಿದದ್ದಷ್ಟೇ ಅಲ್ಲ, ಎಡಕ್ಕೆ ಕೊಂಚ ತಿರುಗಿಯೂ ಇದೆ. ನಮ್ಮವರಾದ ರಾಧಾಕೃಷ್ಣಮೂರ್ತಿ, ಸಹಸ್ರಬುಧೆ ಕೂಡ ಆ ದಶಕದಲ್ಲೇ ಇದರಲ್ಲಿ ತೊಡಗಿದ್ದರು. ಈ ಹೆಸರುಗಳು ನಮ್ಮ ಶಾಲಾ ಪುಸ್ತಕದಲ್ಲಿ ಯಾಕಿರಲಿಲ್ಲವೋ!

ಇಷ್ಟಾದರೂ ಕಲ್ಲು ಅಕ್ಷಾಂಶ ಹೇಳುತ್ತೆ, ರೇಖಾಂಶ ಹೇಳಲ್ಲ. ಪೂರ್ವ ಪಶ್ಚಿಮದ ಲೆಕ್ಕಕ್ಕೆ ಹಿಂದೂ ಮಹಾಸಾಗರದ ತಳದ ಕಾಂತಪಟ್ಟಿಗಳೇ ಗತಿ. ವೇಗ ತಿಳಿದದ್ದೂ ಅವುಗಳಿಂದಲೇ: ವರ್ಷಕ್ಕೆ 15 ಸೆಂಟಿಮೀಟರ್‌ಗೂ ಹೆಚ್ಚು ಓಡುತ್ತಿದ್ದ ಭಾರತ 5 ಕೋಟಿ ವರ್ಷಗಳ ಹಿಂದೆ ಹಠಾತ್ತನೆ ನಿಧಾನಿಸಿತು. ಏಷ್ಯಾಕ್ಕೆ ಡಿಕ್ಕಿ ಹೊಡೆದದ್ದು ಆಗಲೇ ಅನ್ನೋದು ಬಹುಕಾಲದ ತೀರ್ಮಾನ.

ಆದರೆ 2020ರಲ್ಲಿ ಲಡಾಖಿನ ಜ್ವಾಲಾಮುಖಿ ಕಲ್ಲುಗಳನ್ನು ಅಳೆದವರು ಹೊಸ ತಕರಾರು ತೆಗೆದರು. ಆ ಕಲ್ಲುಗಳು 6.6ರಿಂದ 6.2 ಕೋಟಿ ವರ್ಷಗಳ ಹಿಂದೆ ಸಮಭಾಜಕದ ಹತ್ತಿರವೇ ಇದ್ದವಂತೆ, ಏಷ್ಯಾದ ಅಂಚಿಗಿಂತ ಎಷ್ಟೋ ದಕ್ಷಿಣಕ್ಕೆ. ಹಾಗಾದರೆ ಭಾರತ ಮೊದಲು ಗುದ್ದಿದ್ದು ನಡುವೆ ಇದ್ದ ದ್ವೀಪಗಳ ಸಾಲಿಗೆ, ಏಷ್ಯಾವನ್ನು ಮುಟ್ಟಿದ್ದು ಆಮೇಲೆ, 4.5ರಿಂದ 4 ಕೋಟಿ ವರ್ಷಗಳ ಹಿಂದೆ. ಎಲ್ಲರೂ ಇದನ್ನು ಒಪ್ಪಿಲ್ಲ. ಟಿಬೆಟ್‌ನ ಮಣ್ಣುಪದರಗಳನ್ನು ನಂಬುವವರು ಮೊದಲ ಡಿಕ್ಕಿಯನ್ನೇ 6 ಕೋಟಿ ವರ್ಷದ ಹತ್ತಿರಕ್ಕೆ ಒಯ್ಯುತ್ತಾರೆ. ಜಗಳ ಜೋರಾಗೇ ಇದೆ.