ಹೊಗೆಯಿಂದ ಹಳಿಗೆ, ಹಳಿಯಿಂದ ಮನೆಬಾಗಿಲಿಗೆ

ಬೆಳಗಿನ ಹೊತ್ತು ಬೆಂಗಳೂರಿನ ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ನಿಂತರೆ ನಗರದ ಸಾರಿಗೆಯ ಚರಿತ್ರೆ ಒಂದೇ ನೋಟಕ್ಕೆ ಸಿಗುತ್ತದೆ. ತಲೆಯ ಮೇಲೆ ಕರೆಂಟಿನ ರೈಲು. ಕೆಳಗೆ ಮೈನಡುಗಿಸುತ್ತ ನಿಂತ ಡೀಸೆಲ್ ಬಸ್ಸು. ಅದರ ಹಿಂದೆ ಸದ್ದಿಲ್ಲದೆ ಬಂದ ಎಲೆಕ್ಟ್ರಿಕ್ ಬಸ್ಸು. ಬಾಗಿಲು ತೆರೆದ ಮೇಲೆಯೇ ಅದು ಬಂದದ್ದು ಗೊತ್ತಾಗುವುದು. ಇವುಗಳ ನಡುವೆ ನುಸುಳುವ ಸ್ಕೂಟರ್‌ಗಳಿಗಂತೂ ಲೆಕ್ಕವಿಲ್ಲ.

ಮೊದಲ ಹಂತದ ಬದಲಾವಣೆ ನಡೆದದ್ದು ಇಂಧನದಲ್ಲಿ. ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ನೀಲಿ ಹೊಗೆ ಬಿಡುತ್ತಿದ್ದ ಟೂ ಸ್ಟ್ರೋಕ್ ಆಟೊಗಳ ಜಾಗಕ್ಕೆ ಎಲ್‌ಪಿಜಿ ಆಟೊಗಳು ಬಂದವು. 2010ರಲ್ಲಿ ನಗರಕ್ಕೆ ಬಿಎಸ್-4 ಮಾಲಿನ್ಯ ಮಾನದಂಡ ಬಂದಾಗ ಡೀಸೆಲ್‌ನಲ್ಲಿನ ಗಂಧಕದ ಮಿತಿ 50 ಪಿಪಿಎಂಗೆ ಇಳಿಯಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಅದನ್ನು 10ಕ್ಕೆ ಇಳಿಸಿತು. ಒಂದೊಂದು ಗಾಡಿಯ ಹೊಗೆ ತಗ್ಗಿತು, ಗಾಡಿಗಳ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. ನಗರದಲ್ಲಿ ನೋಂದಣಿಯಾದ ವಾಹನಗಳು ಈಗ ಒಂದು ಕೋಟಿ ದಾಟಿವೆ.

ಎರಡನೆಯ ಹಂತ ಹಳಿಯದು. ನಗರದಂಚಿನ ಕೆಂಗೇರಿಗೆ ರೈಲು ಹೊಸದಲ್ಲ; ಮೈಸೂರು ಮಾರ್ಗ ಅಲ್ಲಿ 1880ರ ದಶಕದಿಂದಲೂ ಇದೆ. ನಗರದೊಳಗಿನ ಓಡಾಟಕ್ಕೆ ಒದಗಿದ್ದು ಮಾತ್ರ ಮೆಟ್ರೊ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆ–ಪೀಣ್ಯ ಮಾರ್ಗ ತೆರೆದು ರಾಜಾಜಿನಗರಕ್ಕೆ ನಿಲ್ದಾಣ ಸಿಕ್ಕಿತು. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆ–ಮೈಸೂರು ರಸ್ತೆ ಮಾರ್ಗ ವಿಜಯನಗರವನ್ನು ಮುಟ್ಟಿತು. ಮರುವರ್ಷ ಸುರಂಗ ಮಾರ್ಗ ಸೇರಿಕೊಂಡ ಮೇಲೆ ಪೂರ್ವದ ಬೈಯಪ್ಪನಹಳ್ಳಿಯವರೆಗೆ ಇಳಿಯದೆ ಹೋಗುವಂತಾಯಿತು. 2021ರ ಆಗಸ್ಟ್‌ನಲ್ಲಿ ಆರು ನಿಲ್ದಾಣಗಳ 7.53 ಕಿ.ಮೀ. ಮಾರ್ಗ ಕೆಂಗೇರಿಗೂ, 2023ರ ಅಕ್ಟೋಬರ್‌ನಲ್ಲಿ ಮುಂದಿನ ತುಂಡು ಚಲ್ಲಘಟ್ಟಕ್ಕೂ ತಲುಪಿತು.

ಮೂರನೆಯದು ಎಲೆಕ್ಟ್ರಿಕ್ ಬಸ್ಸು. ನಗರ ಸಾರಿಗೆ ಸಂಸ್ಥೆ ಬಿಎಂಟಿಸಿ 2014ರಲ್ಲೇ ಒಂದನ್ನು ಓಡಿಸಿ ನೋಡಿತ್ತು. 2021ರ ಡಿಸೆಂಬರ್‌ನಿಂದ ಬೀದಿಗಿಳಿಯತೊಡಗಿದ 90 ಬಸ್ಸುಗಳು ಒಂಬತ್ತು ಮೀಟರ್ ಉದ್ದದವು. ಬಡಾವಣೆಯ ಜನರನ್ನು ಮೆಟ್ರೊಗೆ ತಂದುಬಿಡುವುದೇ ಅವುಗಳ ಕೆಲಸ. ಆಮೇಲೆ ಹನ್ನೆರಡು ಮೀಟರ್‌ನವು ನೂರಾರು ಬಂದವು. ಈ ಬಸ್ಸುಗಳ ಕರೆಂಟಿನ ಒಂದು ಪಾಲು ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಗಳದ್ದು ನಿಜ. ಆದರೂ ತಂಗುದಾಣದಲ್ಲಿ ಕಾಯುವ ಮಗುವಿನ ಮೂಗಿಗೆ ಹೊಗೆ ಬಡಿಯುವುದು ತಪ್ಪಿತು.

ಇಷ್ಟಾದರೂ ಸ್ಕೂಟರ್‌ಗಳೇಕೆ ಕಮ್ಮಿಯಾಗಲಿಲ್ಲ? ಬಸವೇಶ್ವರನಗರಕ್ಕೆ ಹೋದರೆ ತಿಳಿಯುತ್ತದೆ. ಪೀಣ್ಯದ ಹಸಿರು ಮಾರ್ಗ ಒಂದು ಮಗ್ಗುಲಿಗೆ, ವಿಜಯನಗರದ ನೇರಳೆ ಮಾರ್ಗ ಇನ್ನೊಂದಕ್ಕೆ. ಅಲ್ಲಿನ ಹಾವನೂರು ವೃತ್ತದವರಿಗೆ ಎರಡೂ ದೂರ. ಮನೆಯಿಂದ ನಿಲ್ದಾಣಕ್ಕೆ ಹೇಗಿದ್ದರೂ ಸ್ಕೂಟರ್ ತೆಗೆಯಬೇಕು. ತೆಗೆದ ಮೇಲೆ ನೇರ ಆಫೀಸಿಗೇ ಹೋದರಾಯಿತು ಅನ್ನಿಸುತ್ತದೆ. ಸ್ಕೂಟರ್ ಬ್ಯಾಟರಿಯದಾದರೆ ಹೊಗೆ ಹೋದೀತು, ದಟ್ಟಣೆ ಹಾಗೇ ಉಳಿಯುತ್ತದೆ. ಜೇಬಿನ ಲೆಕ್ಕವೂ ಇದೆ: 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರದ ಶಕ್ತಿ ಯೋಜನೆ ಹೆಂಗಸರಿಗೆ ಬಸ್ಸನ್ನು ಉಚಿತ ಮಾಡಿತು, 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೊ ಮೂರನೇ ಹಂತ ಮನೆಗೂ ನಿಲ್ದಾಣಕ್ಕೂ ನಡುವಿನ ಕಂದಕಕ್ಕೆ ಉತ್ತರ. 44.65 ಕಿ.ಮೀ.ಗಳಲ್ಲಿ ಒಂದು ಮಾರ್ಗ ಪಶ್ಚಿಮದ ಹೊರವರ್ತುಲ ರಸ್ತೆ ಹಿಡಿದರೆ, ಇನ್ನೊಂದು ಹೊಸಹಳ್ಳಿಯಿಂದ ಮಾಗಡಿ ರಸ್ತೆಗುಂಟ ಕಡಬಗೆರೆಗೆ ಸಾಗುತ್ತದೆ. ಅದು ಓಡುವ ತನಕ ಬೇಕಿರುವುದು ಸಣ್ಣ ಸಂಗತಿಗಳು: ಅಡ್ಡರಸ್ತೆಗೂ ತಿರುಗುವ ಚಿಕ್ಕ ಬಸ್ಸು, ಕಿತ್ತುಹೋಗದ ಫುಟ್‌ಪಾತ್ ಚಪ್ಪಡಿ. ಮೊಳೆಗೆ ತೂಗಿದ ಸ್ಕೂಟರ್ ಕೀಲಿ ಸಂಜೆಯವರೆಗೂ ಅಲ್ಲೇ ಇರುವುದೋ ಇಲ್ಲವೋ ಎಂಬುದು ಇವುಗಳ ಮೇಲೆ ನಿಂತಿದೆ.