ಬೀಜಗಳಲ್ಲಿರುವ ಸಹಜ ವಿಷ ಮತ್ತು ಅಜ್ಞಾತ ಫಲ ತ್ಯಾಗ

ಶ್ರಾವಕರು ತ್ಯಜಿಸಬೇಕಾದ 22 ಅಭಕ್ಷ್ಯಗಳಲ್ಲಿ ವಿಷವೂ ಅಜ್ಞಾತ ಫಲವೂ ಸೇರಿವೆ. ಹೆಸರು, ಗುಣ ತಿಳಿಯದ ಹಣ್ಣನ್ನು ತಿನ್ನಬಾರದು ಎಂಬುದು ಎರಡನೆಯದರ ಅರ್ಥ. ವಂಕಚೂಲನ ಕಥೆಯಲ್ಲಿ ಹಸಿದ ಸಂಗಡಿಗರು ಕಾಡಿನಲ್ಲಿ ಕಿಂಪಾಕ ಫಲ ತಿಂದು ಸಾಯುತ್ತಾರೆ. ಈ ನಿಯಮ ಪಾಲಿಸಿದ ವಂಕಚೂಲ ಉಳಿಯುತ್ತಾನೆ.

ಪ್ರಾಣಿ, ಕೀಟಗಳಿಂದ ರಕ್ಷಣೆಗಾಗಿ ಕೆಲವು ಸಸ್ಯಗಳು ಬೀಜದಲ್ಲೇ ವಿಷವನ್ನು ಶೇಖರಿಸಿಕೊಳ್ಳುತ್ತವೆ. ನಮ್ಮ ಸುತ್ತಮುತ್ತ ಕಾಣುವ ನಾಲ್ಕನ್ನು ಇಲ್ಲಿ ನೀಡಲಾಗಿದೆ.

ಗುಲಗಂಜಿ: ಅಕ್ಕಸಾಲಿಗರು ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ, ಕಪ್ಪು ಚುಕ್ಕೆಯ ಕೆಂಪು ಬೀಜ. ಇದರಲ್ಲಿರುವ ವಿಷ ಅಬ್ರಿನ್. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೆಯೇ ಹೊರಬೀಳಬಹುದು. ಅಗಿದರೆ ಅಥವಾ ಸರಕ್ಕಾಗಿ ತೂತು ಕೊರೆದ ಬೀಜವಾದರೆ ಅಪಾಯ ಹೆಚ್ಚು.

ಹರಳು (ಔಡಲ): ಇದರ ವಿಷವಾದ ರಿಸಿನ್‌ಗೆ 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬ ಸಂಶೋಧಕ ಹೆಸರಿಟ್ಟರು. ರಿಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಆದ್ದರಿಂದ ಹರಳೆಣ್ಣೆಯಲ್ಲಿ ಈ ವಿಷವಿರುವುದಿಲ್ಲ. ಆದರೆ ಹಿಂಡಿಯನ್ನು ದನಕರುಗಳಿಗೆ ಹಾಕಬಾರದು.

ಹಳದಿ ಕಣಗಿಲೆ: ಹೂವಿಗಾಗಿ ಮನೆಯಂಗಳದಲ್ಲಿ ಬೆಳೆಸುವ ಗಿಡ. ಬೀಜದ ವಿಷ ಹೃದಯದ ಬಡಿತವನ್ನು ಕೆಡಿಸುತ್ತದೆ. ಗಿಡದ ಉಳಿದ ಭಾಗಗಳೂ ವಿಷಕಾರಿ.

ದತ್ತೂರಿ: ಬೀಜ ನೋಡಲು ಮೆಣಸಿನಕಾಯಿ ಬೀಜದಂತಿದೆ. ಅಟ್ರೋಪಿನ್, ಸ್ಕೋಪಲಮಿನ್ ಎಂಬ ವಿಷಗಳಿವೆ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಚಿತ್ತಭ್ರಮೆ ಇದರ ಲಕ್ಷಣಗಳು.

ಮಗು ತಿಂದಿದ್ದರೆ ಏನು ಮಾಡಬೇಕು?

ಬಾಯಲ್ಲಿ ಉಳಿದಿರುವುದನ್ನು ತೆಗೆಯಿರಿ. ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತಿಂದು ಉಳಿದ ಬೀಜ ಅಥವಾ ಕಾಯಿಯನ್ನು ಜೊತೆಗೆ ಕೊಂಡೊಯ್ದು ವೈದ್ಯರಿಗೆ ತೋರಿಸಿ. ಗುಲಗಂಜಿ, ಹರಳಿನ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಲಕ್ಷಣಗಳು ಹಲವು ಗಂಟೆಗಳ ನಂತರ ಕಾಣಿಸಬಹುದಾದ್ದರಿಂದ, ಮಗು ಆಡಿಕೊಂಡಿದೆ ಎಂದು ಕಾಯುತ್ತಾ ಕೂರಬಾರದು.

ಈ ಗಿಡಗಳನ್ನು ಕಂಡಲ್ಲೆಲ್ಲ ಕಡಿಯಬೇಕಾಗಿಲ್ಲ. ಮಕ್ಕಳಿಗೆ ಅವುಗಳ ಗುರುತು ಹೇಳಿಕೊಡಿ. ಗುಲಗಂಜಿ ಸರ, ಆಟದ ಬೀಜಗಳು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬಾರದು ಎಂಬ ನಿಯಮವನ್ನು ಚಿಕ್ಕಂದಿನಲ್ಲೇ ರೂಢಿ ಮಾಡಿಸಿ.